ಬೀದರಿಗೆ ಹೋಗಿ ‘ಜ್ಯೂಸ್’ ಅಂದರೇನು ಅಂತ ಕಲಿತು ಬಂದೆ

ಗೆಳೆಯನೊಬ್ಬ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ಹುಟ್ಟೂರು ಮಂಡ್ಯ ಕಡೆ. ಆದರೆ ಹದಿನೈದು ವರ್ಷ ಅಲ್ಲಿದ್ದು ಅವನ ಮಾತೇ ಬದಲಾಗಿದೆ. ನವೆಂಬರಿನಲ್ಲಿ ಫೋನ್ ಮಾಡಿದ. “ಶಾಲೆಯಾಗ ಒಂದಿನ ಊರವರಿಗೆಲ್ಲ ಕಲಿಕೆ ಇಟ್ಟೀವಿ. ಯಾರಿಗೆ ಏನ್ ಬರ್ತದೋ ಅದನ್ನ ಕಲಸ್ತಾರ. ನೀನೂ ಬಂದು ಪುಸ್ತಕ ಹೊಲಿಯೋದು ತೋರ್ಸು” ಎಂದ. ನಾನು ಬೆಂಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಬೈಂಡಿಂಗ್ ನೋಡಿಕೊಳ್ಳುವವನು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಏನಾದರೂ ಕಲಿಸು ಅಂತ ಕರೆದಿರಲಿಲ್ಲ. ಬರ್ತೀನಿ ಅಂದುಬಿಟ್ಟೆ.

ಪ್ರೆಸ್ಸಿನಲ್ಲಿ ಕಟಿಂಗ್ ಆಗಿ ಉಳಿದ ಕಾಗದ ಎರಡು ಕಟ್ಟು, ಅಟ್ಟೆ, ಮೈದಾ ಹಿಟ್ಟು, ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್), ದಾರ, ದಬ್ಬಣ. ಇಷ್ಟು ಕಟ್ಟಿಕೊಂಡು ಗುರುವಾರ ರಾತ್ರಿ ರೈಲು ಹತ್ತಿದೆ.

ಶುಕ್ರವಾರ

ಬೀದರಿನಲ್ಲಿ ಇಳಿದ ಕೂಡಲೇ ಮೊದಲು ತಾಗಿದ್ದು ಥಂಡಿ. ಉತ್ತರ ಕರ್ನಾಟಕ ಅಂದರೆ ಬಿಸಿಲು ಅಂತ ನಾನು ಬರೀ ಒಂದು ತೆಳು ಶರ್ಟು ಹಾಕಿದ್ದೆ. ಡಿಸೆಂಬರಿನಲ್ಲಿ ಬರುವವರು ಸ್ವೆಟರ್ ಮರೀಬೇಡಿ. ಆಟೋದವರು ಮಂಕಿ ಟೋಪಿಯೊಳಗಿಂದಲೇ ನಕ್ಕು, “ಎಲ್ಲಿಂದ ಬಂದೀರಿ? ಬೆಂಗಳೂರಾ? ಮತ್ತ ನಡುಗ್ಲತ್ತೀರಿ?” ಎಂದರು. ಸ್ಟೇಷನ್ ಹೊರಗೆ ಇರಾನಿ ಚಹಾ ಸಿಕ್ಕಿತು. ಗಟ್ಟಿ ಹಾಲು, ಜಾಸ್ತಿ ಸಿಹಿ. ಎರಡನೇ ಗ್ಲಾಸಿಗೆ ಕೈ ಬಿಸಿಯಾಯಿತು.

ಗೆಳೆಯನಿಗೆ ಸಂಜೆವರೆಗೂ ಶಾಲೆ. ಹಗಲೆಲ್ಲ ನನ್ನದೇ. ಸೀದಾ ಮಹಮೂದ್ ಗವಾನನ ಮದರಸಕ್ಕೆ ಹೋದೆ. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು. ಮುಂದೆ ಎರಡು ಮಿನಾರು ಇದ್ದವು, ಈಗ ಇರುವುದು ಒಂದೇ. ಅದರ ಮೈಮೇಲೆ ನೀಲಿ, ಹಸಿರು ಬಿಲ್ಲೆಗಳು ಅಲ್ಲಲ್ಲಿ ಉಳಿದಿವೆ. 1696ರಲ್ಲಿ ಒಳಗೆ ಇಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಪಾಠ ಹೇಳುವ ಜಾಗದಲ್ಲಿ ಮದ್ದು ತುಂಬಿದರೆ ಇನ್ನೇನಾಗುತ್ತದೆ?

ಇಲ್ಲಿನ ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಅನ್ನುತ್ತಾರೆ. ಬೇರೆಯವರು ಗೋಡೆಯ ಅಂದ ನೋಡುತ್ತಿದ್ದರೆ ನನ್ನ ತಲೆ ಅಲ್ಲೇ ನಿಂತಿತು. ಮೂರು ಸಾವಿರ ಪುಸ್ತಕ ಹೊಲಿದವರು ಯಾರು? ಅಂಟು ಯಾವುದು? ಹುಳು ಬರದ ಹಾಗೆ ಏನು ಹಾಕುತ್ತಿದ್ದರು? ಇದನ್ನೆಲ್ಲ ಯಾವ ಬೋರ್ಡೂ ಹೇಳುವುದಿಲ್ಲ. ಗವಾನನ ಕೊನೆಯೂ ಕಾಗದದಿಂದಲೇ ಆಯಿತು. ಆಗದವರು ಒಂದು ಖಾಲಿ ಹಾಳೆಗೆ ಅವನ ಮೊಹರು ಒತ್ತಿಸಿಕೊಂಡು, ಆಮೇಲೆ ಅದರಲ್ಲಿ ರಾಜದ್ರೋಹದ ಪತ್ರ ಬರೆದರು. ಸುಲ್ತಾನ 1481ರಲ್ಲಿ ತಲೆ ತೆಗೆಸಿದ. ಖಾಲಿ ಹಾಳೆಗೆ ಸಹಿ ಹಾಕಬೇಡ ಅಂತ ನಮ್ಮಪ್ಪ ಯಾವಾಗಲೂ ಹೇಳುತ್ತಿದ್ದರು.

ಮಧ್ಯಾಹ್ನ ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾದಲ್ಲಿ ಲಂಗರ್ ಊಟ. ಬಂಡೆ ಸಂದಿಯಿಂದ ಬರುವ ಆ ನೀರನ್ನು ನೋಡಿ, ತಲೆಗೆ ಕರವಸ್ತ್ರ ಕಟ್ಟಿಕೊಂಡು ಪಂಕ್ತಿಯಲ್ಲಿ ಕೂತರೆ ರೊಟ್ಟಿ, ದಾಲ್ ಬಡಿಸುತ್ತಾರೆ. ರೊಟ್ಟಿಯನ್ನು ಒಂದು ಕೈಯಲ್ಲಿ ಇಸಿದುಕೊಳ್ಳಬೇಡಿ, ಎರಡೂ ಕೈ ಚಾಚಬೇಕು. ನಾನು ಒಂದೇ ಕೈ ಚಾಚಿದ್ದೆ. ಬಡಿಸುವ ಹುಡುಗ ಸುಮ್ನೆ ನಿಂತು ಕಾದ.

ರಾತ್ರಿ ಲಾಡ್ಜಿನಲ್ಲಿ ಸಾಮಾನೆಲ್ಲ ಮಂಚದ ಮೇಲೆ ಹರಡಿ ಲೆಕ್ಕ ಹಾಕಿದೆ. ಆ ಲೆಕ್ಕವೇ ಮುಳುವಾಯಿತು.

ಶನಿವಾರ

ಆರು ಗಂಟೆಗೆ ಗೆಳೆಯನ ಬೈಕು ಬಂತು. ಬೀದರ್ ಊರು ಕೂತಿರುವುದು ಕೆಂಪು ಕಲ್ಲಿನ ದಿಬ್ಬದ ಮೇಲೆ. ಇಳಿಜಾರು ದಾಟಿದರೆ ಮಣ್ಣಿನ ಬಣ್ಣವೇ ಬೇರೆ, ಎರೆ ಭೂಮಿ. ಭಾಲ್ಕಿ ರಸ್ತೆಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರಾಕ್ಟರ್ ಕಾಣುತ್ತಿರಲಿಲ್ಲ, ಅದರ ಹಾಡು ಮಾತ್ರ ಕೇಳುತ್ತಿತ್ತು. ಒಂದು ಕಡೆ ಕಡಲೆ, ಒಂದು ಕಡೆ ಜೋಳ, ನಡುವೆ ಕೊಯ್ದು ಒಟ್ಟಿದ ತೊಗರಿ. ಎಳ್ಳಮಾವಾಸ್ಯೆ ಮುಗಿದು ವಾರವಾಗಿತ್ತು. “ಅವತ್ತು ಬರಬೇಕಿತ್ತು ನೀನು. ಊರಿಗೆ ಊರೇ ಹೊಲದಾಗ ಇರ್ತದ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು” ಅಂತ ಗೆಳೆಯ ಹೊಟ್ಟೆ ಉರಿಸಿದ. ಇಲ್ಲಿ ಭಜ್ಜಿ ಅಂದರೆ ನಮ್ಮ ಬಜ್ಜಿ ಅಲ್ಲ. ಸೊಪ್ಪು, ಹಸಿ ಕಾಳು, ತರಕಾರಿ ಎಲ್ಲ ಸೇರಿಸಿ ಕಡೆದ ಗಟ್ಟಿ ಪಲ್ಯ.

ಹಳ್ಳಿ ತಲುಪಿ ಬ್ಯಾಗ್ ತೆಗೆದೆ. ಕಾಗದ ಇದೆ, ಅಟ್ಟೆ ಇದೆ, ಮೈದಾ ಇದೆ. ದಾರ, ದಬ್ಬಣ ಇಲ್ಲ. ಲಾಡ್ಜಿನ ಮಂಚದ ಮೇಲೇ ಇವೆ. ವಾಪಸ್ ಹೋಗಿ ಬರುವಷ್ಟರಲ್ಲಿ ನನ್ನ ಸರದಿ ಮುಗಿದಿರುತ್ತದೆ. ಗೆಳೆಯ ಬೈಯಲಿಲ್ಲ. “ಇರು, ನಿನ್ನ ಕ್ಲಾಸು ಹನ್ನೊಂದಕ್ಕ. ಏನಾರ ಮಾಡೋಣ” ಅಂದು ಹೋದವನು ಮತ್ತೆ ಕೈಗೆ ಸಿಕ್ಕಿದ್ದು ಊಟದ ಹೊತ್ತಿಗೇ.

ಅಲ್ಲಿವರೆಗೆ ಬೇರೆಯವರ ಕ್ಲಾಸು ನೋಡುತ್ತ ಓಡಾಡಿದೆ. ಮೈದಾನದಲ್ಲಿ ಒಬ್ಬರು ಮುತ್ಯಾ ಹಗ್ಗ ಹಿಡಿದು ನಿಂತಿದ್ದರು. 33 ಅಡಿಯ ಹಗ್ಗ. “ಇದು ಒಂದು ಚೈನು. ಇದಕ್ಕ 16 ಆಣೆ. ಈ ಕಡಿ ಒಂದು ಚೈನು, ಆ ಕಡಿ ಒಂದು ಚೈನು, ಅಷ್ಟಕ್ಕ ಒಂದು ಗುಂಟೆ. ಇಂಥಾ ನಲವತ್ತು ಸೇರಿದ್ರ ಒಂದು ಎಕರೆ.” ಮಕ್ಕಳು ಸುಣ್ಣದ ಪುಡಿ ಹಾಕಿ ಚೌಕ ಎಳೆದರು. ಒಂದು ಗುಂಟೆ ಅಂದರೆ 1089 ಚದರಡಿ ಅಂತ ನನಗೂ ಗೊತ್ತಿತ್ತು, ಸೈಟಿನ ಲೆಕ್ಕದಲ್ಲಿ. ಆದರೆ ಅದರೊಳಗೆ ನಿಂತು ನೋಡಿರಲಿಲ್ಲ. ಇಡೀ ಏಳನೇ ಕ್ಲಾಸು ಒಂದು ಗುಂಟೆಯೊಳಗೆ ಕೂತು ಇನ್ನೂ ಜಾಗ ಉಳಿಯಿತು.

ಮೈದಾನಕ್ಕೆ ಹದಿನೇಳು ಚೌಕ ಬಂತು. ಆಗ ಶುರುವಾಯಿತು ನೋಡಿ ಗಲಾಟೆ. ಶಾಲಾಭಿವೃದ್ಧಿ ಸಮಿತಿಯವರೊಬ್ಬರು “ಪಹಣಿಯಾಗ ಇಪ್ಪತ್ತು ಗುಂಟೆ ಅದ. ಮೂರು ಎಲ್ಲಿ ಹೋತು?” ಎಂದರು. ಪಕ್ಕದ ಹೊಲದವರ ಕಡೆ ಎಲ್ಲರ ಕಣ್ಣೂ ಹೋಯಿತು. ಅವರು “ನನ್ನ ಕಡಿ ಯಾಕ ನೋಡ್ತೀರಿ?” ಅಂತ ಎದ್ದೇ ನಿಂತರು. ಧ್ವನಿ ಏರಿತು. ಮೂಲೆಯಿಂದ ಒಬ್ಬಳು ಹುಡುಗಿ ಎರಡು ಸಲ ಏನೋ ಹೇಳಿದಳು, ಯಾರೂ ಕೇಳಲಿಲ್ಲ. ಮೂರನೇ ಸಲ ಕೂಗಿದಳು: “ಸಾಲಿ ಕಟ್ಟಡದ ಕೆಳಗ ಅದ ಅಲ್ರೀ!” ಹಗ್ಗ ತಗೊಂಡು ಕಟ್ಟಡವನ್ನೂ ಸುತ್ತಿದರು. ಮೂರಕ್ಕೆ ಸ್ವಲ್ಪ ಕಮ್ಮಿ. ಪಕ್ಕದ ಹೊಲದವರು ಕೂತುಕೊಂಡರು, ಆದರೆ ಮಧ್ಯಾಹ್ನದವರೆಗೂ ಮುಖ ಸಡಿಲಿಸಲಿಲ್ಲ.

ಎರಡನೇ ಕೋಣೆಯಲ್ಲಿ ಬಿದರಿ ಕೆಲಸ. ಬೀದರಿನಿಂದ ಒಬ್ಬ ಕುಶಲಕರ್ಮಿ ಬಂದಿದ್ದರು. ಸತು 16 ಪಾಲು, ತಾಮ್ರ ಒಂದು ಪಾಲು. ಎರಕ ಹೊಯ್ದ ಸಣ್ಣ ಹೂಜಿ, ಉಜ್ಜಿ ನುಣುಪು ಮಾಡಿದ್ದು, ಬೂದು ಬಣ್ಣ. ಅದರ ಮೇಲೆ ಅವರು ನೀಲಿ ನೀರು ಸವರಿದರು. ಮೇಲ್ಮೈ ಕಪ್ಪಾಯಿತು. ಈಗ ಉಳಿಯಿಂದ ಗೀರಿದರೆ ಗೆರೆ ಬೆಳ್ಳಗೆ ಕಾಣುತ್ತದೆ. “ಏನ್ರೀ ಇದು ನೀಲಿ?” ಅಂದ ಒಬ್ಬ ಹುಡುಗ. ಮೈಲುತುತ್ತ. ನನ್ನ ಬ್ಯಾಗಿನಲ್ಲಿ ಇದ್ದದ್ದೇ! ನಾವು ಅದನ್ನು ಮೈದಾ ಅಂಟಿಗೆ ಚೂರು ಹಾಕುತ್ತೇವೆ, ಹುಳು ಬರದಿರಲಿ ಅಂತ. ಹೇಳಿದೆ. ಒಬ್ಬ ರೈತರು “ನಾವು ದ್ರಾಕ್ಷಿಗಿ ಸುಣ್ಣದ ಕೂಡ ಹೊಡೀತೀವ್ರಿ” ಎಂದರು. ಒಂದು ಪುಡಿ ಮೂರು ಕಸುಬು. ವಿಷ, ಬಾಯಿಗೆ ಹಾಕಬಾರದು ಅಂತ ಟೀಚರ್ ಮೂರು ಸಲ ಹೇಳಿಸಿದರು.

ಗೀರಿದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು ಕೂರಿಸಿದರು. ಅರ್ಧ ಗಂಟೆಯಲ್ಲಿ ಒಂದು ಎಲೆ ಮುಗಿಯಿತು. ಕೊನೆಗೆ ಬಂತು ಎಲ್ಲರೂ ಕಾಯುತ್ತಿದ್ದದ್ದು. ಕೋಟೆಯೊಳಗಿನ ಹಳೇ ಮಣ್ಣು, ನವಸಾಗರ, ನೀರು. ಮಳೆ ಬಿಸಿಲು ಕಾಣದೆ ವರ್ಷಗಟ್ಟಲೆ ಇದ್ದ ಮಣ್ಣೇ ಆಗಬೇಕಂತೆ. ನಾಲಿಗೆ ತುದಿಗೆ ಇಟ್ಟು ಆರಿಸುತ್ತಾರಂತೆ. ಕುದಿಯುವ ಆ ನೀರಿಗೆ ಹೂಜಿ ಇಳಿಸಿ ತೆಗೆದರೆ ಸತು ಪೂರ್ತಿ ಕಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ಮಕ್ಕಳು “ಹೋ” ಅಂದರು. ನಾನೂ ಅಂದೆ. ಬಿದರಿಗೆ 2006ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿದೆ, 2023ರಲ್ಲಿ ಇಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಇವರಿಗೆ ಅದರ ಹೆಮ್ಮೆ ಇದೆ. “ಆದ್ರ ಮಗ ಇದಕ್ಕ ಬರಂಗಿಲ್ಲ ಅಂತಾನ್ರಿ” ಅಂತ ಹೂಜಿಗೆ ಎಣ್ಣೆ ಸವರುತ್ತ ಹೇಳಿದರು. ಮನೆಯಲ್ಲಿ ಬಿದರಿ ಸಾಮಾನು ಮಂಕಾದರೆ ಹೀಗೇ ಒಂದು ತೊಟ್ಟು ಎಣ್ಣೆ ಹಚ್ಚಿ ಉಜ್ಜಿ, ಸೋಪು ಬೇಡ ಎಂದರು.

ಹನ್ನೊಂದಾಯಿತು. ನನ್ನ ಕೋಣೆಯಲ್ಲಿ ಮೂವತ್ತು ಮಕ್ಕಳು, ಐದಾರು ತಾಯಂದಿರು. ಬಾಗಿಲ ಹತ್ತಿರ ಬಿಳಿ ಗಡ್ಡದ ಹಿರಿಯರೊಬ್ಬರು. ಮಕ್ಕಳು ಅವರನ್ನು ಚಾಚಾ ಅನ್ನುತ್ತಿದ್ದರು. ಮೊಮ್ಮಗನನ್ನು ಬಿಡಲು ಬಂದವರು ಹಾಗೇ ಕೂತಿದ್ದರು. ಕಾಗದ ಮಡಚುವುದು ತೋರಿಸಿದೆ. ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಅದು ಒಂದು ಫಾರಂ. ಅಂಚು ಬಿಡಿಸಿ, ಮಡಿಕೆಯ ನಡುವೆ ಹೊಲಿಯಬೇಕು. ಇಷ್ಟು ಹೇಳಿ ನಿಂತೆ. ಮುಂದಕ್ಕೆ ಸೂಜಿ ಬೇಕಲ್ಲ.

“ದಬ್ಬಣ ಮರೆತು ಬಂದಿದ್ದೀನಿ” ಅಂದೆ. ಹಿಂದಿನಿಂದ ಒಬ್ಬ ತಾಯಿ “ನಮ್ಮ ಆಯಿ ಬಲ್ಲಿ ಅದ” ಅಂದು ಎದ್ದು ಹೋದರು. ಹತ್ತು ನಿಮಿಷಕ್ಕೆ ಆಯಿಯೇ ಬಂದರು. ಎಪ್ಪತ್ತು ದಾಟಿದವರು, ಕಚ್ಚೆ ಸೀರೆ, ಕೈಯಲ್ಲಿ ಒಂದು ಬಟ್ಟೆ ಗಂಟು. ಅದರಲ್ಲಿ ಕೌದಿ ಹೊಲಿಯುವ ಸೂಜಿಗಳು, ನೂಲಿನ ಉಂಡೆ, ಮೇಣದ ತುಂಡು. ಕುರ್ಚಿ ಕೊಟ್ಟರೆ ಬೇಡ ಅಂದು ನೆಲಕ್ಕೆ ಕೂತರು.

ನಾನು ಅಳತೆ ಪಟ್ಟಿ ಇಟ್ಟು ಐದು ತೂತಿಗೆ ಗುರುತು ಹಾಕುತ್ತಿದ್ದೆ. ಆಯಿ ನೋಡಿದರು, ನೋಡಿದರು, ತಡೆಯಲಾಗಲಿಲ್ಲ. “ತಮ್ಮಾ, ಅದೇನ್ ಅಳೀತಿ? ಕೊಡಿಲ್ಲಿ.” ಎರಡು ಬೆರಳು ಅಗಲಕ್ಕೆ ಒಂದು ತೂತು. ಸೂಜಿ ಒಳಗೆ, ಹೊರಗೆ, ಹೆಬ್ಬೆರಳಲ್ಲಿ ನೂಲು ಒತ್ತಿ ಹಿಡಿದು ವಾಪಸ್. ನಾನು ಒಂದು ಫಾರಂ ಹೊಲಿಯುವಷ್ಟರಲ್ಲಿ ಅವರದು ಮೂರು. ಎಳೆದು ನೋಡಿದೆ, ಗಟ್ಟಿ. ಒಂದು ಫಾರಂನಿಂದ ಇನ್ನೊಂದಕ್ಕೆ ಗಂಟು ಹಾಕಿ ದಾಟುವುದು ಮಾತ್ರ ಅವರಿಗೆ ಹೊಸದು. ಅದನ್ನು ನಾನು ತೋರಿಸಿದೆ. ಒಂದೇ ಸಲಕ್ಕೆ ಹಿಡಿದರು. ಆಮೇಲೆ ಕ್ಲಾಸು ಅವರದೇ. ನಾನು ಅಂಟು ಕಾಯಿಸುವ ಕೆಲಸಕ್ಕೆ ಇಳಿದೆ. ಹಿಂದಿನ ರಾತ್ರಿ “ಆಯಿ, ನೀವೂ ಬಂದು ಏನಾರ ಕಲಸ್ರಿ” ಅಂತ ಕೇಳಿದ್ದಕ್ಕೆ “ನನಗೇನ್ ಬರ್ತದ?” ಅಂತ ಇವರೇ ಬಾಗಿಲು ಹಾಕಿಕೊಂಡಿದ್ದರಂತೆ. ಗೆಳೆಯ ಆಮೇಲೆ ಹೇಳಿದ.

ಅಂಟು ಕಲಕುತ್ತ ಮಕ್ಕಳಿಗೆ ಹೇಳಿದೆ. “ಈ ಥರ ಹೊಲಿಯೋದಕ್ಕೆ ನಮ್ಮ ಪ್ರೆಸ್ಸಿನಲ್ಲಿ ಜ್ಯೂಸ್ ಹೊಲಿಗೆ ಅಂತೀವಿ.” ಮಕ್ಕಳು ನಕ್ಕರು. ಯಾಕೆ ಸರ್ ಜ್ಯೂಸ್? ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ನಮ್ಮ ಹಳೇ ಮೇಸ್ತ್ರಿ ಹಾಗೆ ಅನ್ನುತ್ತಿದ್ದರು, ನಾವೂ ಅಂದೆವು. ಬಿಲ್ಲಿನಲ್ಲೂ ಹಾಗೇ ಬರೆಯುತ್ತೇವೆ. ಬಹುಶಃ ಅಂಟು ನೀರಾಗಿರುತ್ತದಲ್ಲ, ಅದಕ್ಕಿರಬೇಕು ಅಂದುಕೊಂಡಿದ್ದೆ.

ಬಾಗಿಲ ಹತ್ತಿರದಿಂದ ಚಾಚಾ ಗಂಟಲು ಸರಿ ಮಾಡಿಕೊಂಡರು. “ಜ್ಯೂಸ್ ಅಲ್ರೀ. ಜುಜ್. ಜುಜ್ ಅಂದ್ರ ಭಾಗ. ಕುರಾನಿನಾಗ 30 ಜುಜ್ ಅದಾವ. ಒಂದೊಂದು ಜುಜ್ ಬ್ಯಾರೆ ಹೊಲದು ಕೂಡಸ್ತಾರ. ಜುಜ್‌ಬಂದಿ ಅಂತಾರ ಅದಕ್ಕ.” ಅವರ ಮಾವ ಬೀದರಿನ ಹಳೇ ಊರಿನಲ್ಲಿ ಜಿಲ್ದ್ ಕಟ್ಟುತ್ತಿದ್ದರಂತೆ. ಜಿಲ್ದ್ ಅಂದರೆ ಪುಸ್ತಕದ ರಟ್ಟು, ಕಟ್ಟುವವರು ಜಿಲ್ದ್‌ಸಾಜ್. ಚಿಕ್ಕವರಿದ್ದಾಗ ಇವರೇ ಅಲ್ಲಿ ಕೂತು ಅಂಟು ಕಲಕಿದ್ದಾರೆ. ನೀಲಾ ಥೋಥಾನೂ ಹಾಕಿದ್ದಾರೆ. ಅದೇ ಮೈಲುತುತ್ತ.

ಇಪ್ಪತ್ತೆರಡು ವರ್ಷ! ಯಾವುದೋ ಮುಸ್ಲಿಂ ಉಸ್ತಾದರಿಂದ ನಮ್ಮ ಮೇಸ್ತ್ರಿಗಳಿಗೆ, ಅವರಿಂದ ನಮಗೆ, ಬಾಯಿಂದ ಬಾಯಿಗೆ ಬಂದು ಮಾತು ಕಿತ್ತಳೆ ಹಣ್ಣಿನ ಅಂಗಡಿ ಸೇರಿದೆ. ಚಾಚಾ ಎದ್ದು ಬಂದು ಅಂಟಿನ ಪಾತ್ರೆಯಲ್ಲಿ ಬೆರಳದ್ದಿ, ಎರಡು ಬೆರಳ ನಡುವೆ ಎಳೆದು ನೋಡಿ, “ಇನ್ನಾ ತುಸು ಕಾಯಬೇಕು” ಎಂದರು. ಕಾಯಿಸಿದೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೊಟ್ಟಿಯಲ್ಲಿ ಅರ್ಧ ಗಂಡಸರು ಬಡಿದದ್ದು. ಬಿಸಿಯೂಟದ ಅಡುಗೆಯವರು ಬೆಳಿಗ್ಗೆ ಗಂಡಸರಿಗೂ ಹುಡುಗರಿಗೂ ಮಾತ್ರ ಅಂತ ಒಂದು ಕ್ಲಾಸು ಇಟ್ಟಿದ್ದರು. ಗೋದಿ ಹಿಟ್ಟಿನ ಜಿಗುಟು ಜೋಳಕ್ಕಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗ ಅಂಚು ಒಡೆಯುತ್ತದೆ. ನನ್ನ ತಟ್ಟೆಗೆ ಬಂದ ರೊಟ್ಟಿ ಹೆಚ್ಚುಕಮ್ಮಿ ಕರ್ನಾಟಕದ ನಕ್ಷೆ. ಬೀದರ್ ಇರಬೇಕಾದ ತುದಿಯೇ ಮುರಿದಿತ್ತು. ಪುಂಡಿಯ ಹುಳಿಗೆ ಅದೂ ಹೋಯಿತು.

ಮಧ್ಯಾಹ್ನ ಫೋನಿನ ಕ್ಲಾಸು. ಕಲಿಸುವವರು ಏಳನೇ ತರಗತಿ ಮಕ್ಕಳು, ಕಲಿಯುವವರು ಅಜ್ಜ ಅಜ್ಜಿಯರು. ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಕಾಂಪೌಂಡಿನ ಮೂಲೆಯ ಬೇವಿನ ಮರದ ಕೆಳಗೆ ಮಾತ್ರ ಎರಡು ಕಡ್ಡಿ ಬರುತ್ತದೆ. ಇಡೀ ಕ್ಲಾಸು ಅಲ್ಲಿಗೆ ಎದ್ದು ಹೋಯಿತು. ಗುಂಟೆ ಗಲಾಟೆ ಬಿಡಿಸಿದ ಹುಡುಗಿಯೇ ತನ್ನ ಮುತ್ಯಾನಿಗೆ ಹೇಳುತ್ತಿದ್ದಳು. “ದುಡ್ಡು ಬರಬೇಕಂದ್ರ ಪಿನ್ ಹೊಡಿಯೋದೇ ಬ್ಯಾಡ. ಪಿನ್ ಕೇಳಿದ್ರ ನಿನ್ನ ದುಡ್ಡು ಹೋಗ್ಲತದ ಅಂತ ತಿಳ್ಕೋ.” ಮುತ್ಯಾ ಹೋದ ವರ್ಷ ನಾಲ್ಕು ಸಾವಿರ ಹೀಗೇ ಕಳೆದುಕೊಂಡಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮರದ ಕೆಳಗೆ ಹೇಳಿದರು. ಇನ್ನಿಬ್ಬರು “ನಂದೂ ಹೋಗ್ಯಾದ” ಎಂದರು. ಹಾಗೆ ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಅಂತ ಹುಡುಗಿ ಹೇಳಿ, ಆ ನಂಬರನ್ನು ಎಲ್ಲರಿಂದ ಬರೆಸಿದಳು. ಬರೆಯಲು ಬಾರದವರ ಕೈಮೇಲೆ ತಾನೇ ಪೆನ್ನಿನಲ್ಲಿ ಬರೆದಳು.

ರಾತ್ರಿ ಗೆಳೆಯನ ಮನೆಯಲ್ಲಿ ಮಲಗಿದೆ. ಎರಡು ಕೌದಿ ಕೊಟ್ಟರು. ಹೊದ್ದುಕೊಂಡು ಬಹಳ ಹೊತ್ತು ಅದರ ಹೊಲಿಗೆಯನ್ನೇ ಬೆರಳಲ್ಲಿ ತಡಕುತ್ತಿದ್ದೆ. ಎರಡು ಬೆರಳು ಅಗಲ ಎಲ್ಲೂ ತಪ್ಪಿಲ್ಲ.

ಭಾನುವಾರ

ಲಾಡ್ಜಿಗೆ ಹೋಗಿ ದಾರ ದಬ್ಬಣ ತಗೊಂಡು, ಗೆಳೆಯನ ಜೊತೆ ಹುಮನಾಬಾದ್ ಕಡೆ ಹೊರಟೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಒಂದು ಗುಡಿ ಇದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ, ಆಡು ಮೇಯಿಸುವ ಒಬ್ಬ ಹುಡುಗ ಬಿಟ್ಟರೆ. ಅಂಗಡಿಗಿಂಗಡಿ ಇಲ್ಲ, ನೀರು ತಗೊಂಡೇ ಹೋಗಿ. ಹೊರಗೋಡೆಯ ತುಂಬ ನಿಂತ ಹೆಣ್ಣುಗಳು. ಒಬ್ಬಳು ಕನ್ನಡಿ ನೋಡುತ್ತಿದ್ದಾಳೆ, ಇನ್ನೊಬ್ಬಳು ಮತ್ತೇನೋ. ನಾನು ನೋಡಲು ಬಂದದ್ದು ಬರೆಯುವವಳನ್ನು. ಬೆನ್ನು ತಿರುವಿ ನಿಂತು, ಕೈ ಎತ್ತಿ, ಗೋಡೆಯ ಮೇಲೆ ಬರೆಯುತ್ತಿದ್ದಾಳೆ. ಸುಮ್ನೆ ಬರೆಯುವ ಹಾಗೆ ಕೆತ್ತಿದ್ದಲ್ಲ, ಅಕ್ಷರಗಳೂ ಇವೆ. ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಶಾಸನ ಸುಂದರಿ ಅಂತ ಹೆಸರು.

“ವಿಕ್ರಮಾದಿತ್ಯ ಬರಕೊಡು ಅಂದಾನ, ಅದಕ್ಕ ಬರ್ಲತ್ಯಾಳ” ಅಂದ ಗೆಳೆಯ. ಆಡಿನ ಹುಡುಗ ಹತ್ತಿರ ಬಂದು ನಿಂತ. ಎಷ್ಟನೇ ಕ್ಲಾಸು ಅಂದೆ. ಐದು ಅಂದ. ಬ್ಯಾಗಿನಲ್ಲಿ ನಿನ್ನೆ ಹೊಲಿದ ಒಂದು ಪುಸ್ತಕ ಉಳಿದಿತ್ತು, ಆಯಿಯ ಹೊಲಿಗೆ, ಚಾಚಾ ಪಾಸು ಮಾಡಿದ ಅಂಟು. ಕೊಟ್ಟೆ. ಅವನು ಮೊದಲು ಅದನ್ನು ಎರಡೂ ಕಡೆಯಿಂದ ಹಿಡಿದು ಜಗ್ಗಿ ನೋಡಿದ. ಹರಿಯಲಿಲ್ಲ. ಚಡ್ಡಿ ಜೇಬಿಗೆ ತುರುಕಿಕೊಂಡು ಆಡಿನ ಹಿಂದೆ ಓಡಿದ.

ಹುಮನಾಬಾದಿನಿಂದ ಕಲಬುರಗಿಗೆ ಬಸ್ಸು, ಅಲ್ಲಿಂದ ರಾತ್ರಿ ರೈಲು. ಕಲಬುರಗಿ ಸ್ಟೇಷನ್ ಹೋಗುವ ಮೊದಲು ಮಾಲ್ಪುರಿ ಕಟ್ಟಿಸಿಕೊಂಡೆ. ಬೆಂಗಳೂರು ತಲುಪುವವರೆಗೂ ಉಳಿಯಲಿಲ್ಲ.

ಸೋಮವಾರ ಪ್ರೆಸ್ಸಿಗೆ ಹೋದ ಕೂಡಲೇ ಎಲ್ಲರನ್ನೂ ಕರೆದು ಜುಜ್ ಕಥೆ ಹೇಳಿದೆ. ಕೇಳಿದರು, ತಲೆ ಆಡಿಸಿದರು. ಮಧ್ಯಾಹ್ನ ಹೊಸ ಹುಡುಗ ಹಾಳೆ ಕಟ್ಟು ಹೊತ್ತು ಬಂದ.

“ಸರ್, ಇದು ಜ್ಯೂಸ್ ಹೊಲಿಗೆ ಅಲ್ವಾ? ಎಷ್ಟು ಪೇಜಿಗೆ ಒಂದು?”

“ಹದಿನಾರು” ಅಂದೆ.